ಕುಂಕುಮ ಹಚ್ಚಿದ ಗೋರಿ

ಏಳನೇ ಗೋರಿಯ ಚಪ್ಪಡಿಗೆ ಕುಂಕುಮ ಹಚ್ಚುವಾಗ ಗುಡ್ಡಮ್ಮನ ಮನಸ್ಸಿನಲ್ಲಿ ದೇವರು ಇರಲೇ ಇಲ್ಲ. ಇದ್ದವನು ಅವಳ ಗಂಡ ಚೌಡಪ್ಪ. ಅವನು ಆ ಚಪ್ಪಡಿಯ ಅಡಿಯಲ್ಲೇ ಮಲಗಿ ಮೂರನೇ ವರ್ಷ ನಡೆಯುತ್ತಿತ್ತು. ಈ ಸಂಗತಿ ಗೊತ್ತಿದ್ದವರು ಇಬ್ಬರೇ. ಒಬ್ಬಳು ಗುಡ್ಡಮ್ಮ, ಇನ್ನೊಬ್ಬ ಅಂಜನಾಪುರದಲ್ಲಿ ಲಗೇಜ್ ಆಟೋ ಓಡಿಸಿಕೊಂಡಿರುವ ಅವಳ ತಮ್ಮ ಮಾಳೇಶ.

ಬೆಳಗಿನ ಏಳು ಗಂಟೆ, ಅಗೆತದ ಕೂಲಿಯವರು ಇನ್ನೂ ದಿಣ್ಣೆ ಹತ್ತಿರಲಿಲ್ಲ. ಗುಡ್ಡಮ್ಮ ಅರಿಸಿನ ಬಳಿದಳು, ಕುಂಕುಮ ಇಟ್ಟಳು, ನಾಲ್ಕು ಹಸಿರು ಬಳೆ ಇಟ್ಟು ಬೇವಿನ ಸೊಪ್ಪು ಸಿಕ್ಕಿಸಿದಳು. ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದರೆ ದೇವರು ತೀರಾ ಹೊಸದಾಗಿ ಕಾಣಿಸಿತು, ನಿನ್ನೆ ಸಂತೆಯಿಂದ ತಂದ ಹಾಗೆ. ಮತ್ತೆ ಬಂದು, ಹಣತೆಯ ಜಿಡ್ಡೆಣ್ಣೆಯನ್ನು ಕಲ್ಲಿಗೆಲ್ಲ ತಿಕ್ಕಿ, ಮೇಲೆ ಒಂದು ಹಿಡಿ ಧೂಳು ಎರಚಿದಳು. ಈಗ ನೂರು ವರ್ಷದಿಂದ ಇದ್ದ ಹಾಗಾಯಿತು.

ಹೊಸಬಾಳೆ ದಾಟಿ ಎರಡು ಮೈಲಿ ನಡೆದರೆ ಕಲ್ಲಹಟ್ಟಿ. ಊರಿನ ಹಿಂದಿನ ದಿಣ್ಣೆಯ ಮೇಲೆ ಮೂವತ್ತಕ್ಕೂ ಹೆಚ್ಚು ಕಲ್ಲುಗೋರಿಗಳಿವೆ. ನಾಲ್ಕು ಚಪ್ಪಡಿ ನೆಟ್ಟು ಮೇಲೊಂದು ಚಪ್ಪಡಿ ಮುಚ್ಚಿದ ಪೆಟ್ಟಿಗೆಯಂಥವು. ಊರವರು ಪಾಂಡವರ ಮನೆ ಅನ್ನುತ್ತಾರೆ. ಅಷ್ಟು ಸಣ್ಣ ಮನೆಯಲ್ಲಿ ಐದು ಜನ ಗಂಡಸರು, ಅದರಲ್ಲೂ ಭೀಮನಂಥವನು, ಎಲ್ಲಿ ಕಾಲು ಚಾಚಿದರು ಎಂದು ಯಾರೂ ಕೇಳಿದವರಿಲ್ಲ. ಮಾರ್ಚಿ ತಿಂಗಳಲ್ಲಿ ಇವನ್ನು ಅಗೆಸಿ ನೋಡಲೆಂದು ಜೀಪಿನಿಂದ ಇಳಿದ ಶ್ರೀಲತಾ ಮೇಡಂ ಅದನ್ನು ಎರಡೇ ಮಾತಿನಲ್ಲಿ ಬಗೆಹರಿಸಿದರು. "ಇವು ಮನೆ ಅಲ್ಲ, ಸಮಾಧಿ. ಎರಡೂವರೆ ಸಾವಿರ ವರ್ಷದ ಹಿಂದೆ ಇಲ್ಲಿದ್ದವರು ಸತ್ತವರನ್ನ ಮಡಕೆ ಕುಡಿಕೆ ಜೊತೆ ಇದರೊಳಗೆ ಇಡ್ತಿದ್ರು." ಮೇಡಂ ಹಳೆಯ ಮೂಳೆ ಓದುವವರು. ಸೊಂಟದ ಮೂಳೆ ನೋಡಿ ಗಂಡೋ ಹೆಣ್ಣೋ ಹೇಳುತ್ತಿದ್ದರು, ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದರು.

ಅಗೆತಕ್ಕೆ ಆಳು ಬೇಕು ಎಂದಾಗ ಮೊದಲು ಹೆಸರು ಬರೆಸಿದವಳು ಗುಡ್ಡಮ್ಮ. ಕುರಿಗಳನ್ನು ಓರಗಿತ್ತಿಗೆ ಒಪ್ಪಿಸಿ ಬಂದಳು. ಇವಳಿಗೇಕೆ ಈ ವಯಸ್ಸಿನಲ್ಲಿ ಮಣ್ಣು ಹೊರುವ ಉಮೇದು ಎಂದು ಊರವರು ನಕ್ಕರು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ಮೇಡಂ ಯಾವ ಕಲ್ಲಿನ ಕಡೆ ಹೆಜ್ಜೆ ಹಾಕುತ್ತಾರೆ ಎಂದು ದಿನಾ ಕಣ್ಣಾರೆ ನೋಡುತ್ತಿರಬೇಕು.

ಮೊದಲ ದಿನವೇ ಮೇಡಂ ಎಲ್ಲರನ್ನೂ ಕೂರಿಸಿ ಹೇಳಿದ್ದರು. "ಮೂಳೆ ಸಿಕ್ಕಿದ್ರೆ ಎಳೀಬೇಡಿ, ನನ್ನ ಕರೀರಿ. ಜೊತೇಲಿ ಬಟ್ಟೆನೋ ಕೂದಲೋ ಇದ್ರೆ ಅದು ಹಳೇದಲ್ಲ, ನನಗೆ ಸೇರಿದ್ದೂ ಅಲ್ಲ. ಆವಾಗ ಪೊಲೀಸರಿಗೆ ಹೇಳಲೇಬೇಕು, ಅದು ಕಾನೂನು." ಎಲ್ಲರೂ ತಲೆಯಾಡಿಸಿದರು. ಗುಡ್ಡಮ್ಮನೂ ಆಡಿಸಿದಳು.

ಚೌಡಪ್ಪನಿಗೆ ತೊನ್ನು ಇತ್ತು. ಮೊದಲು ತುಟಿಯ ಅಂಚು, ಆಮೇಲೆ ಕೈಬೆರಳು, ಕತ್ತು, ಕೊನೆಗೆ ಅರ್ಧ ಮೈ ಬಿಳಿ. ಅದರಿಂದ ಕುರಿಗಳಿಗೆ ಏನೂ ತೊಂದರೆ ಇರಲಿಲ್ಲ, ಗುಡ್ಡಮ್ಮನಿಗೂ ಇರಲಿಲ್ಲ. ಊರಿಗೆ ಇತ್ತು. ಬದುಕಿರುವಾಗ ಅಷ್ಟಿಲ್ಲ, ಒಂದು ಲೋಟ ಬೇರೆ ಇಟ್ಟರೆ ಮುಗಿಯಿತು. ಸತ್ತ ಮೇಲೆ ದೊಡ್ಡ ತಕರಾರು. ಅವರ ಜನ ಹೆಣ ಹೂಳುವವರು, ಆದರೆ ತೊನ್ನಿನವರನ್ನು ಹೂಳುವಂತಿಲ್ಲ. ಹೂತರೆ ಭೂಮಿತಾಯಿ ಒಲ್ಲೆ ಅನ್ನುತ್ತಾಳೆ, ಕಟ್ಟಿದ ಮೋಡ ಒಡೆದುಹೋಗುತ್ತದೆ ಎಂದು ನಂಬಿಕೆ. ಸುಡಬೇಕು. ಹೂತುಬಿಟ್ಟಿದ್ದರೆ, ಮಳೆ ಕೈಕೊಟ್ಟ ವರ್ಷ ಊರವರೇ ಸೇರಿ ಅಗೆದು ತೆಗೆದು ಸುಡುತ್ತಾರೆ. ಗುಡ್ಡಮ್ಮ ಹತ್ತು ವರ್ಷದವಳಿದ್ದಾಗ ಅಂಥದ್ದೊಂದನ್ನು ಕಂಡಿದ್ದಳು. ಗಂಡಸರು ನಗುತ್ತ ಟೈರು ಉರುಳಿಸಿಕೊಂಡು ಹೋದದ್ದೂ, ಆ ವಾಸನೆಯೂ ಅವಳಿಗೆ ಈಗಲೂ ಮರೆತಿಲ್ಲ.

ಚೌಡಪ್ಪನಿಗೂ ಮರೆತಿರಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಉಸಿರು ಎಳೆಯುತ್ತ ಅವನು ಕೇಳಿದ್ದು ಒಂದೇ. "ನನ್ನ ಸುಡಬ್ಯಾಡ ಕಣೇ. ನಮ್ಮಪ್ಪ ಮಣ್ಣಾಗೈದಾನೆ, ನಮ್ಮಜ್ಜ ಮಣ್ಣಾಗೈದಾನೆ. ನನ್ನೂ ಮಣ್ಣಿಗೆ ಹಾಕು."

ಗುಡ್ಡಮ್ಮ ಮಾತು ಕೊಟ್ಟಳು. ಅವನು ತೀರಿಕೊಂಡದ್ದು ಕಾರ್ತಿಕದ ಸೋಮವಾರದ ಬೆಳಗಿನ ಜಾವ. ಊರಿಗೆ ಊರೇ ತೊಗರ್ಸಿ ಮಲ್ಲಿಕಾರ್ಜುನನ ಪೂಜೆಗೆ ಹೋಗಿತ್ತು. ಮಾಳೇಶನ ಆಟೋದಲ್ಲಿ ತಾಡಪಾಲು ಹೊದಿಸಿಕೊಂಡು ಬಂದ ಹೆಣ ಊರೊಳಗೆ ಹೋಗದೆ ನೆಟ್ಟಗೆ ದಿಣ್ಣೆ ಹತ್ತಿತು. ಏಳನೇ ಗೋರಿಯ ಒಂದು ಬದಿಯ ಚಪ್ಪಡಿ ವಾಲಿ ಸಂದು ಬಿಟ್ಟಿತ್ತು. ಅಕ್ಕ ತಮ್ಮ ಇಬ್ಬರೂ ಸೇರಿ ಅವನ ಮಂಡಿ ಮಡಿಸಿ, ಅವನದೇ ಕಂಬಳಿ ಸುತ್ತಿ ಒಳಗೆ ಮಲಗಿಸಿ, ಮಣ್ಣು ತುಂಬಿ, ಹಾರೆಯಿಂದ ಚಪ್ಪಡಿ ಮೀಟಿ ನೆಟ್ಟಗೆ ಮಾಡಿದರು. ಶಿವಮೊಗ್ಗದಲ್ಲೇ ಸುಟ್ಟು ಬಂದೆವು ಎಂದು ಊರಿಗೆ ಹೇಳಿದರು. ತೋರಿಸಲು ಬೂದಿ ಬೇಕಲ್ಲ, ಅದು ಅಂಜನಾಪುರದ ಇಟ್ಟಿಗೆ ಭಟ್ಟಿಯದು. ಊರ ಹಿರಿಯ ಶಿವಮೂರ್ತಪ್ಪ ಎದುರು ನಿಂತು ಆ ಬೂದಿಯನ್ನು ನೀರಿಗೆ ಬಿಡಿಸಿ, ತಲೆ ಮೇಲೆ ನೀರು ಹಾಕಿಕೊಂಡು, "ಒಳ್ಳೆ ಕೆಲಸ ಮಾಡಿದೆ ತಂಗಿ" ಎಂದು ಮೆಚ್ಚಿದ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಗುಡ್ಡಮ್ಮ ನಕ್ಕಳು. ನಗುತ್ತ ನಗುತ್ತಲೇ ಅಳು ಬಂತು.

ಆಮೇಲಿನ ಎರಡು ಮಳೆಗಾಲ ಚೆನ್ನಾಗಿಯೇ ಸುರಿಯಿತು. ಭೂಮಿತಾಯಿಗೆ ಚೌಡಪ್ಪನ ಮೇಲೆ ಸಿಟ್ಟಿಲ್ಲ ಎಂದು ಗುಡ್ಡಮ್ಮನಿಗೆ ಖಾತ್ರಿಯಾಯಿತು. ಆದರೆ ಅದನ್ನು ಹೋಗಿ ಯಾರಿಗೆ ಹೇಳುವುದು?

ಈ ವರ್ಷ ಮೃಗಶಿರ ಹೋಯಿತು, ಆರಿದ್ರೆ ಹೋಯಿತು, ಪುನರ್ವಸು ಅರ್ಧ ಕಳೆಯಿತು. ಮೇ ತಿಂಗಳ ಒಂದು ಅಡ್ಡಮಳೆಗೆ ಮೊಳೆತ ಮೆಕ್ಕೆಜೋಳ ಗೇಣುದ್ದ ಬೆಳೆದು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ದಿನಾ ಮಧ್ಯಾಹ್ನ ಪಡುವಲಿನಿಂದ ಮೋಡ ಏಳುತ್ತಿತ್ತು, ದಿಣ್ಣೆಯ ತನಕ ಬಂದು ಎರಡಾಗಿ ಸೀಳಿ ಶಿಕಾರಿಪುರದ ಕಡೆ ಹೋಗುತ್ತಿತ್ತು. ಕಟ್ಟೆಯ ಮೇಲೆ ಕೂತವರು ಅದನ್ನು ನೋಡುತ್ತ ಬೆರಳು ಮಡಿಸಿ ಲೆಕ್ಕ ಹಾಕಲು ಶುರುಮಾಡಿದರು. ಇತ್ತೀಚೆಗೆ ಸತ್ತವರು ಯಾರು, ಯಾರ ಮೈಮೇಲೆ ಮಚ್ಚೆ ಇತ್ತು, ಯಾರನ್ನು ಎಲ್ಲಿ ಇಟ್ಟರು.

ಮಳೆ ಹಿಡಿದಿದ್ದರೆ ಜೂನಿನಲ್ಲೇ ಮೇಡಂ ಗಂಟುಮೂಟೆ ಕಟ್ಟಬೇಕಿತ್ತು. ಹಿಡಿಯಲಿಲ್ಲವಲ್ಲ, ಅವರಿಗೆ ಖುಷಿ. "ಇನ್ನು ಹದಿನೈದು ದಿನ ಅಗೆಯೋಣ. ಏಳನೇದು ಚೆನ್ನಾಗಿ ಉಳಿದಿದೆ, ಸೋಮವಾರ ಅದನ್ನ ತೆಗೆಯೋಣ" ಎಂದರು. ಒಂದೇ ಬರಗಾಲ ಎರಡೂ ಕಡೆಯಿಂದ ಚೌಡಪ್ಪನ ಬಳಿಗೆ ನಡೆದು ಬರುತ್ತಿತ್ತು. ಗುಡ್ಡಮ್ಮನಿಗೆ ಕುಂಕುಮದ ಉಪಾಯ ಹೊಳೆದದ್ದು ಆಗ. ಜನ ನಡೆದುಕೊಳ್ಳುವ ಜಾಗಕ್ಕೆ ಮೇಡಂ ಕೈ ಹಾಕುವುದಿಲ್ಲ ಎಂದು ಅವಳು ನಾಲ್ಕು ತಿಂಗಳಲ್ಲಿ ಕಂಡುಕೊಂಡಿದ್ದಳು.

ಸೋಮವಾರ ಬಂದ ಮೇಡಂ ಕಲ್ಲನ್ನು ನೋಡಿ ಹುಬ್ಬು ಗಂಟು ಹಾಕಿದರು. "ಇದೇನು ಗುಡ್ಡಮ್ಮ? ಮೊನ್ನೆ ಇರಲಿಲ್ಲವಲ್ಲ."

"ದಿಣ್ಣೆ ಚೌಡಿ ಮೇಡಂ. ಅಜ್ಜನ ಕಾಲದಿಂದ ನಡ್ಕಂತಾರೆ. ಮಳೆ ಬರ್ಲಿಲ್ಲ ಅಂದ್ರೆ ಮಾತ್ರ ಪೂಜೆ."

ಮೇಡಂ ಅವಳ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ನಕ್ಷೆಯಲ್ಲಿ ಏಳರ ಮೇಲೆ ಅಡ್ಡಗೆರೆ ಎಳೆದು ಎಂಟನೆಯದಕ್ಕೆ ಹೋದರು. ಆ ದಿನ ಮಧ್ಯಾಹ್ನದ ರೊಟ್ಟಿ ಗುಡ್ಡಮ್ಮನಿಗೆ ರುಚಿಯೆನಿಸಿತು. ಬುತ್ತಿ ಕಟ್ಟುತ್ತ, ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದ ಪ್ರಶ್ನೆಯನ್ನೂ ಕೇಳಿಬಿಟ್ಟಳು. "ಮೇಡಂ, ತೊನ್ನು ಮೂಳೇಲಿ ಕಾಣ್ತೈತಾ?"

"ಇಲ್ಲಮ್ಮ. ಅದು ಬರೀ ಚರ್ಮದ್ದು. ಮೂಳೆಗೆ ಅದರ ಸುದ್ದೀನೂ ಗೊತ್ತಿರಲ್ಲ."

ಜರಡಿ ಹಿಡಿಯುವ ಕೆಲಸದ ದುರುಗಮ್ಮ, ಗುಡ್ಡಮ್ಮನಿಗಿಂತ ಚಿಕ್ಕವಳು, ಪಕ್ಕದಲ್ಲೇ ಕೂತಿದ್ದಳು. ಅವಳೂ ಕೈ ನಿಲ್ಲಿಸಿ ಆ ಮಾತು ಕೇಳಿಸಿಕೊಂಡಳು.

ಗುಡ್ಡಮ್ಮ ಮಾಡಿದ ತಪ್ಪು ಒಂದೇ. ತನ್ನ ಊರನ್ನು ಅವಳು ಮರೆತಿದ್ದಳು. ಮಳೆಗಾಗಿ ಆಕಾಶಕ್ಕೆ ಬಾಯಿಬಿಟ್ಟುಕೊಂಡು ಕೂತ ಊರಿನ ಕಣ್ಣಿಗೆ ಹೊಸ ಕುಂಕುಮ ಬಿದ್ದರೆ ಏನಾಗುತ್ತದೆ ಎಂದು ಯೋಚಿಸಬೇಕಿತ್ತು. ಮಂಗಳವಾರ ಯಾರೋ ಒಂದು ಕಾಯಿ ಒಡೆದಿದ್ದರು. ಬುಧವಾರ ಇಪ್ಪತ್ತು ಕಾಯಿ. ಹೆಂಗಸರು ಒದ್ದೆ ಸೀರೆಯಲ್ಲಿ ಕೊಡ ಹೊತ್ತು ಬಂದು ಕಲ್ಲಿಗೆ ನೀರು ಸುರಿದರು. ಇಟ್ಟವರು ಯಾರು ಎಂದು ವಿಚಾರಿಸಿದರೆ ಯಾರೂ ಇಟ್ಟಿರಲಿಲ್ಲ; ಅಂದ ಮೇಲೆ ಚೌಡಿ ತಾನಾಗಿಯೇ ಮೂಡಿದ್ದಾಳೆ. ಅದೇ ರಾತ್ರಿ ಶಿವಮೂರ್ತಪ್ಪನಿಗೆ ಕನಸು ಬಿತ್ತು. ಅವನ ಕನಸುಗಳು ಯಾವಾಗಲೂ ಊರಿನ ಕೆಲಸಕ್ಕೆ ಅನುಕೂಲವಾಗಿಯೇ ಬೀಳುತ್ತಿದ್ದವು.

"ಕಲ್ಲಿನ ಅಡಿ ಉಸಿರುಕಟ್ಟಿ ಕುಂತೀನಿ, ನನ್ನ ಎತ್ತಿ ಗುಡಿ ಕಟ್ಟಿಸ್ರಿ, ಮಳೆ ಕೊಡ್ತೀನಿ ಅಂದ್ಲು ತಾಯಿ" ಎಂದು ಬೆಳಿಗ್ಗೆ ಕಟ್ಟೆಯ ಮೇಲೆ ಹೇಳಿದ. "ಶುಕ್ರವಾರ ಮನೆಗೊಂದಾಳು ಹಾರೆ ತಗಂಡು ಬರ್ರಿ. ಅಡಿಯಾಗೆ ಮೂರ್ತಿ ಐತೆ."

"ಮಲಗಿರೋ ಚೌಡೀನ ಎಬ್ಬಿಸಬ್ಯಾಡ್ರಿ ಅಣ್ಣ, ಮುನಿತಾಳೆ" ಎಂದು ಗುಡ್ಡಮ್ಮ ಗೋಗರೆದಳು.

"ನೀನು ಮೇಡಂ ಹಿಂದೆ ಅಲೆದು ಚೌಡಿ ಜಾತ್ಕಾನೂ ಓದಾಕೆ ಕಲ್ತೆಯಾ?" ಎಂದ ಶಿವಮೂರ್ತಪ್ಪ. ಎಲ್ಲರೂ ನಕ್ಕರು.

ಅವಳು ಮಾಳೇಶನಿಗೆ ಫೋನು ಮಾಡಿದಳು. "ಅಕ್ಕಾ, ಇವತ್ತೇ ತೆಗೆದು ಬೇರೆ ಕಡೆ ಇಡಾಣ, ಆಟೋ ತರ್ತೀನಿ" ಎಂದ ಅವನು. ತೆಗೆಯುವುದು ಹೇಗೆ? ಕಲ್ಲಿನ ಸುತ್ತ ಚಪ್ಪರ ಎದ್ದಿತ್ತು, ಭಜನೆಯವರು ಹಗಲು ರಾತ್ರಿ ತಾಳ ಕುಟ್ಟುತ್ತಿದ್ದರು. ಅವಳೇ ಕರೆತಂದ ದೇವರು, ಈಗ ಅವಳನ್ನೇ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಹಾರೆಯ ಸುದ್ದಿ ಕೇಳಿ ಶ್ರೀಲತಾ ಮೇಡಂ ಶಿವಮೂರ್ತಪ್ಪನ ಮನೆಗೇ ಹೋದರು. ಹಾರೆ ಹಾಕಿದರೆ ಒಳಗಿರುವುದೆಲ್ಲ ಪುಡಿಯಾಗುತ್ತದೆ, ಸರ್ಕಾರದ ಪರವಾನಗಿ ಇರುವುದು ನನಗೆ, ನಿಮ್ಮ ಕಣ್ಣೆದುರೇ ನಾನು ತೆಗೆಯುತ್ತೇನೆ. ಮೂರ್ತಿ ಬಂದರೆ ನಿಮ್ಮದು, ಮೂಳೆ ಮಡಕೆ ಬಂದರೆ ನನ್ನದು ಎಂದರು. ಶಿವಮೂರ್ತಪ್ಪ ಒಪ್ಪಿದ. ಹೊರಗೆ ಬಂದು ಮೇಡಂ ಗುಡ್ಡಮ್ಮನಿಗೆ, "ಒಳಗೆ ಇಳಿಯೋದು ನಾವಿಬ್ಬರೇ. ನಿಮ್ಮಷ್ಟು ಹಗುರ ಕೈ ಬೇರೆ ಯಾರದೂ ಇಲ್ಲ" ಎಂದರು.

ಗುರುವಾರ ಸಂಜೆ ಗುಡ್ಡಮ್ಮ ಎಲ್ಲ ಹೇಳಿಬಿಡಬೇಕೆಂದೇ ಮೇಡಂ ಬಿಡಾರ ಹೂಡಿದ್ದ ಶಾಲೆಯ ಕೋಣೆಗೆ ಹೋದಳು. ಮೇಡಂ ಚೀಲಗಳಿಗೆ ಚೀಟಿ ಅಂಟಿಸುತ್ತಿದ್ದರು. "ಏನು ಗುಡ್ಡಮ್ಮ?" ಎಂದರು. ಪೊಲೀಸರು ಎಂಬ ಆ ಮೊದಲ ದಿನದ ಮಾತು ಅವಳಿಗೆ ನೆನಪಾಯಿತು. "ಏನಿಲ್ಲ ಮೇಡಂ, ನಾಳೆ ಎಷ್ಟೊತ್ತಿಗೆ ಬರ್ಲಿ ಅಂತ" ಎಂದು ಕೇಳಿ ವಾಪಸ್ಸು ಬಂದಳು.

ಶುಕ್ರವಾರ ಹತ್ತು ಗಂಟೆಗೆ ದಿಣ್ಣೆಯ ಮೇಲೆ ಕಾಲಿಡಲು ಜಾಗ ಇರಲಿಲ್ಲ. ಚೈನು ಹಾಕಿ ಮೇಲಿನ ಚಪ್ಪಡಿ ಎತ್ತಿದರು. ಒಳಗೆ ಕೆಂಪು ಮಣ್ಣು. ಗುಡ್ಡಮ್ಮ ಕರಣೆ ಹಿಡಿದು ಇಳಿದಳು. ಗಂಡನ ತಲೆ ಯಾವ ಕಡೆ, ಕಾಲು ಯಾವ ಕಡೆ ಎಂದು ಅವಳಿಗೆ ಗೊತ್ತಿತ್ತು. ಬೇಕೆಂದೇ ಕಾಲಿನ ಮೂಲೆಯಿಂದ, ಆಮೆಯ ಹಾಗೆ ಕೆರೆಯಲು ಶುರುಮಾಡಿದಳು. ಮೇಲೆ ಭಜನೆ ನಡೆದೇ ಇತ್ತು. ಮೋಡ ಎಂದಿನಂತೆ ಎದ್ದಿತ್ತು, ಗಾಳಿ ಒಂದಿಷ್ಟೂ ಇರಲಿಲ್ಲ.

ಮೊಳದಾಳ ಹೋದ ಮೇಲೆ ಮಣ್ಣಿನಲ್ಲಿ ಕಪ್ಪು ಎಳೆಯೊಂದು ಕಾಣಿಸಿತು. ಕಂಬಳಿ. ಗುಡ್ಡಮ್ಮ ತಟ್ಟನೆ ಅಂಗೈ ಮುಚ್ಚಿದಳು. ಎದುರು ಕೂತಿದ್ದ ಮೇಡಂ ಅವಳ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿ, ಬ್ರಶ್ಶಿನಿಂದ ಎರಡು ಸಲ ಗುಡಿಸಿದರು. ಉಣ್ಣೆಯ ಅಡಿಯಲ್ಲಿ ಮೊಣಕಾಲಿನ ಕೆಳಗಿನ ಮೂಳೆ. ಅದಕ್ಕೆ ಆರು ತಿರುಪು ಹಾಕಿ ಕೂರಿಸಿದ ಉಕ್ಕಿನ ಪಟ್ಟಿ. ಕುರಿ ಅಟ್ಟಲು ಹೋಗಿ ಚೌಡಪ್ಪ ಬದುವಿನಿಂದ ಬಿದ್ದಾಗ ಡಾಕ್ಟರು ಹಾಕಿದ್ದು, ಊರಿಗೆಲ್ಲ ಗೊತ್ತಿದ್ದದ್ದು. ಗುಡ್ಡಮ್ಮನಿಗೇ ಅದು ಮರೆತುಹೋಗಿತ್ತು.

ಮೇಡಂ ಒಂದು ಹಿಡಿ ಮಣ್ಣು ತೆಗೆದು ಆ ಪಟ್ಟಿಯ ಮೇಲೆ ಸುರಿದರು.

"ಏನ್ ಬಂತು ಮೇಡಂ?" ಮೇಲಿನಿಂದ ಶಿವಮೂರ್ತಪ್ಪನ ದನಿ.

"ಮೂಳೆ."

ಭಜನೆ ನಿಂತಿತು. ಶಿವಮೂರ್ತಪ್ಪ ಅಂಚಿಗೆ ಬಂದು ಬಗ್ಗಿದ. ಅವನ ತಲೆಯಲ್ಲಿ ಏನು ಓಡುತ್ತಿದೆ ಎಂದು ಗುಡ್ಡಮ್ಮನಿಗೆ ಕಾಣುತ್ತಿತ್ತು. ಅವನು ನಿಧಾನವಾಗಿ ಕೇಳಿದ. "ಹಳೇದಾ, ಹೊಸದಾ?"

ಮೇಡಂ ಗುಡ್ಡಮ್ಮನನ್ನು ನೋಡಿದರು. ಗುಡ್ಡಮ್ಮ ಎರಡು ಕೈಯನ್ನೂ ಮಡಿಲಲ್ಲಿ ಜೋಡಿಸಿಕೊಂಡು ಕೂತಿದ್ದಳು, ಅಷ್ಟೇ.

"ಹಳೇದು" ಎಂದರು ಶ್ರೀಲತಾ ಮೇಡಂ, ಎಲ್ಲರಿಗೂ ಕೇಳುವ ಹಾಗೆ. "ಎರಡೂವರೆ ಸಾವಿರ ವರ್ಷ. ಗಾಳಿ ತಗುಲಿದ್ರೆ ಪುಡಿ ಆಗುತ್ತೆ. ಎಲ್ಲರೂ ಹಿಂದೆ ಹೋಗಿ, ಇನ್ನೂ ಹಿಂದೆ."

ಬಹಳ ಮೆತ್ತಗಿರುವ ಮೂಳೆಯನ್ನು ಬಿಡಿಬಿಡಿಯಾಗಿ ತೆಗೆಯುವುದಿಲ್ಲ. ಸುತ್ತ ಮಣ್ಣು ಕಡಿದು, ಒದ್ದೆ ಕಾಗದ ಹೊದಿಸಿ, ಗೋಣಿ ಸುತ್ತಿ, ಪ್ಲಾಸ್ಟರು ಬಳಿದು, ಮಣ್ಣಿನ ಸಮೇತ ಒಂದೇ ಗಟ್ಟಿಯಾಗಿ ಎತ್ತುತ್ತಾರೆ. ಹಾಗೇ ಮಾಡಿದರು. ಮೂಳೆ ಯಾರ ಕಣ್ಣಿಗೂ ಬೀಳಲಿಲ್ಲ. ಕೆಳಗೆ ಅಡ್ಡಹಲಗೆ ಕೊಟ್ಟು ಎತ್ತಲು ಎಂಟು ಜನ ಬೇಕಾದರು. ಮೂರ್ತಿ ಸಿಗದೆ ಮುಖ ಸಪ್ಪೆಯಾಗಿದ್ದ ಶಿವಮೂರ್ತಪ್ಪನೂ ಬಂದು ಒಂದು ತುದಿ ಹಿಡಿದ. ಸತ್ತಾಗ ಚೌಡಪ್ಪನಿಗೆ ಸಿಗದ ಊರಿನ ಹೆಗಲು ಈಗ ಸಿಕ್ಕಿತು. ಗುಡ್ಡಮ್ಮ ಹಿಂದೆ ಹಿಂದೆ ನಡೆದಳು. ಎದೆ ಒಡೆದು ಅಳಬೇಕೆನಿಸಿತು, ಆದರೆ ಎರಡೂವರೆ ಸಾವಿರ ವರ್ಷದ ಹಿಂದೆ ಸತ್ತವನಿಗೆ ಯಾರು ಅಳುತ್ತಾರೆ? ಹಲ್ಲು ಕಚ್ಚಿಕೊಂಡಳು.

ಜೀಪಿನ ಹಿಂದೆ ಇಬ್ಬರೇ ಉಳಿದಾಗ ಮೇಡಂ ಕೇಳಿದರು. "ಯಾರು?"

"ನಮ್ಮ ಯಜಮಾನ್ರು." ಉಳಿದದ್ದನ್ನು ಗುಡ್ಡಮ್ಮ ನಾಲ್ಕು ಮಾತಿನಲ್ಲಿ ಹೇಳಿದಳು.

"ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದೂ ಸುಳ್ಳು ಹೇಳಿಲ್ಲ ಗುಡ್ಡಮ್ಮ. ಇವತ್ತು ನೀವು ಹೇಳಿಸಿದ್ರಿ." ಮೇಡಂ ದನಿ ಸಿಟ್ಟಿನಿಂದ ನಡುಗುತ್ತಿತ್ತು. "ಪೊಲೀಸರಿಗೆ ತಿಳಿಸಬೇಕು ನಾನು."

"ತಿಳಿಸ್ರಿ. ನನ್ನ ಜೈಲಿಗೆ ಹಾಕ್ಲಿ. ಅವರನ್ನ ಸುಡಾಕೆ ಮಾತ್ರ ಕೊಡಬ್ಯಾಡ್ರಿ."

ಮೇಡಂ ಆ ಬಿಳಿ ಗಟ್ಟಿಯ ಮೇಲೆ ಕೈಯಿಟ್ಟರು. "ಎಲ್ಲೋ ಒಂದು ಕಡೆ ಮಣ್ಣಿಗೇ ಹಾಕ್ತೀನಿ. ಎಲ್ಲಿ ಅಂತ ಕೇಳ್ಬೇಡಿ. ಗೊತ್ತಾದ್ರೆ ಅಲ್ಲಿಗೂ ಕುಂಕುಮ ತಗೊಂಡು ಬರ್ತೀರಿ."

ಜೀಪು ಇಳಿಜಾರಿನ ಧೂಳಿನಲ್ಲಿ ಮರೆಯಾಯಿತು. ಕೊಟ್ಟ ಮಾತು ಅರ್ಧ ಉಳಿಯಿತು, ಅರ್ಧ ಹೋಯಿತು. ಗಂಡ ಮಣ್ಣಿನಲ್ಲೇ ಇರುತ್ತಾನೆ. ಯಾವ ಮಣ್ಣು ಎಂದು ಅವಳಿಗೆ ಎಂದೂ ತಿಳಿಯುವುದಿಲ್ಲ. ಅಷ್ಟಾದರೂ ಆಯಿತಲ್ಲ ಎಂದುಕೊಂಡಳು. ಅವತ್ತೂ ಮೋಡ ಸೀಳಿ ಶಿಕಾರಿಪುರದ ಕಡೆ ಹೋಯಿತು. ಶನಿವಾರವೂ ಹನಿ ಬೀಳಲಿಲ್ಲ.

ಶನಿವಾರ ಸಂಜೆ ಕಟ್ಟೆಯ ಮೇಲೆ ಶಿವಮೂರ್ತಪ್ಪ ಹೊಸ ವರಸೆ ತೆಗೆದ. ಚೌಡಿ ಸುಳ್ಳು ಹೇಳುವವಳಲ್ಲ. ಕಲ್ಲಿನಡಿ ಹೆಣ ಐತೆ ಅಂತ ತೋರಿಸಿಕೊಟ್ಟಳು, ಅದು ಹಳೆಯದು, ತಪ್ಪು ಅದರದ್ದಲ್ಲ. ಹಂಗಾದರೆ ಹೊಸದು ಎಲ್ಲೈತೆ ಹುಡುಕ್ರಿ ಅಂತ ಅವಳ ಮಾತಿನ ಅರ್ಥ. ಬೆರಳು ಮಡಿಸುವವರು ಮತ್ತೆ ಮಡಿಸಿದರು. ಚೌಡಪ್ಪನನ್ನು ಸುಟ್ಟಾಗಿತ್ತು, ಎಲ್ಲರೂ ಬೂದಿ ನೋಡಿದ್ದರು. ಉಳಿದದ್ದು ಒಂದೇ ಹೆಸರು. ದುರುಗಮ್ಮನ ಮಗಳು ಕರುಣಾ, ಒಂಬತ್ತು ವರ್ಷದವಳು, ಎರಡು ವರ್ಷದ ಹಿಂದೆ ಜ್ವರದಲ್ಲಿ ಹೋದವಳು. ಕಿವಿಯ ಹಿಂದೆ ಅವಳಿಗೆ ಹುಣಸೆಬೀಜದಷ್ಟು ಬಿಳಿ ಮಚ್ಚೆ ಇತ್ತು. ಮಕ್ಕಳನ್ನು ಯಾರು ಸುಡುತ್ತಾರೆ ಎಂದು ಹಳ್ಳದ ದಂಡೆಯಲ್ಲಿ ಹೂತಿದ್ದರು. ಭಾನುವಾರ ಊರೆಲ್ಲ ತೊಗರ್ಸಿಗೆ ಹೋಗಿ ಮಲ್ಲಿಕಾರ್ಜುನನಿಗೆ ನೀರೆರೆದು ಬರುವುದು, ಸೋಮವಾರ ಹಳ್ಳದ ದಂಡೆ ಅಗೆಯುವುದು ಎಂದು ತೀರ್ಮಾನವಾಯಿತು.

ಭಾನುವಾರ ಊರು ಖಾಲಿಯಾದ ಮೇಲೆ ದುರುಗಮ್ಮ ಗುಡ್ಡಮ್ಮನ ಬಾಗಿಲಿಗೆ ಬಂದಳು. ಕಣ್ಣು ಊದಿಕೊಂಡಿತ್ತು. "ಅಕ್ಕಾ, ನೀನು ಮೂಳೆ ಕೆಲಸ ಮಾಡಿದೋಳು. ತೊನ್ನು ಮೂಳೇಲಿ ಇರಲ್ಲ ಅಂತ ಮೇಡಂ ಹೇಳಿದ್ರಲ್ಲ, ಅದನ್ನ ಅವರಿಗೆ ಹೇಳು. ನೀನು ಹೇಳಿದ್ರೆ ಕೇಳ್ತಾರೆ."

ಕೇಳುವುದಿಲ್ಲ ಎಂದು ಗುಡ್ಡಮ್ಮನಿಗೆ ಗೊತ್ತಿತ್ತು. ಹೇಳಬಹುದಾದ ದೊಡ್ಡ ಮಾತು ಅವಳ ಬಳಿ ಇತ್ತು: ತೊನ್ನಿನವನನ್ನು ನೀವೇ ಹೊತ್ತು ಹೊರಗೆ ಹಾಕಿದಿರಿ, ಮಳೆ ಬಂತೇನು? ಆದರೆ ಅದನ್ನು ಹೇಳಿದರೆ ಜೀಪಿನ ಬೆನ್ನು ಹತ್ತಿ ಹೋಗಿ ಅವನನ್ನೂ ತರುತ್ತಾರೆ, ಇಬ್ಬರನ್ನೂ ಒಟ್ಟಿಗೆ ಸುಡುತ್ತಾರೆ. ಅವಳು ಗೋಡೆಯ ಮೊಳೆಗೆ ನೇತುಹಾಕಿದ್ದ ಕರಣೆಯ ಚೀಲ ತೆಗೆದುಕೊಂಡಳು. "ಬಾ. ಅವರು ಬರಾದ್ರೊಳಗೆ ನಾವೇ ತೆಗೆಯಾಣ. ಏಳನೇ ಗೋರಿ ಖಾಲಿ ಅಂತ ಊರಿಗೆಲ್ಲ ಗೊತ್ತೈತೆ. ಅಲ್ಲಿ ಇಟ್ರೆ ಇನ್ಯಾರೂ ಅಗೆಯಲ್ಲ."

ದುರುಗಮ್ಮ ಹಿಂದೆ ಬಂದಳು. ಹಳ್ಳದ ದಂಡೆಯ ಮಣ್ಣು ಮೆತ್ತಗಿತ್ತು. ಎರಡು ಅಡಿ ಗುದ್ದಲಿಯಲ್ಲಿ ತೆಗೆದು ಆಮೇಲೆ ಗುಡ್ಡಮ್ಮ ಕರಣೆಗೆ ಇಳಿದಳು. "ನೀನು ಆ ಕಡೆ ತಿರುಗು" ಎಂದಳು. ದುರುಗಮ್ಮ ತಿರುಗಲಿಲ್ಲ. ಹೂವಿನ ಫ್ರಾಕಿನ ಚೂರು ಬಂದಾಗ ತಾಯಿಯ ಬಾಯಿಂದ ಒಂದು ಸದ್ದು ಬಂತು, ಅಷ್ಟೇ. ಗುಡ್ಡಮ್ಮ ಮೇಡಂ ಕಲಿಸಿದ ಹಾಗೆ ಎಳೆಯದೆ, ಸುತ್ತಲಿನ ಮಣ್ಣು ಬಿಡಿಸಿ, ಅಡಿಯಿಂದ ಕೈಕೊಟ್ಟು ಒಂದೊಂದನ್ನೇ ಎತ್ತಿ ಹಾಸಿದ ಸೀರೆಯ ಮೇಲೆ ಇಟ್ಟಳು. ಕೈಬೆರಳಿನ ಮೂಳೆಗಳು ಕಡಲೆಯಷ್ಟಿದ್ದವು. ಒಂದನ್ನೂ ಬಿಡಲಿಲ್ಲ. ಕೊನೆಗೆ ತಲೆ. ಅದನ್ನು ಎರಡು ಅಂಗೈಯಲ್ಲಿ ಹಿಡಿದು ಮೇಲೆತ್ತುವಾಗ ಅವಳ ಮುಂಗೈಯ ಮೇಲೆ ದಪ್ಪನೆಯ ಹನಿ ಬಿತ್ತು.

ಬೆವರು ಎಂದುಕೊಂಡಳು. ಇನ್ನೊಂದು ಬಿತ್ತು. ಹಳ್ಳದ ಆಚೆ ಜೋಳದ ಹೊಲ ಸದ್ದು ಮಾಡತೊಡಗಿತು. ತಲೆಯೆತ್ತಿ ನೋಡಿದರೆ ಮೋಡ ಸೀಳಿರಲಿಲ್ಲ. ದಿಣ್ಣೆಯ ಮೇಲೆ ಕಪ್ಪಗೆ ಕೂತಿತ್ತು. ಕಣ್ಣು ಮಿಟುಕಿಸುವುದರೊಳಗೆ ಮಳೆ ಹಿಡಿಯಿತು. ಬಹಳ ದಿನ ಕಾಯಿಸಿ ಬಂದ ಮಳೆ, ಹೊಡೆದ ಹಾಗೆ ಬೀಳುತ್ತಿತ್ತು. ತೊಗರ್ಸಿಯ ದಾರಿಯಲ್ಲಿ ಎಲ್ಲೋ ಜನ ಕೂಗುವ ಸದ್ದು ಕೇಳಿಸಿತು, ಸಂತೋಷದ ಕೂಗು.

"ಬೇಗ ಕಟ್ಟು ದುರುಗಿ, ಅವರು ಬರಾದ್ರೊಳಗೆ ದಿಣ್ಣೆಗೆ ಹೋಗಾಣ" ಎಂದು ಗುಡ್ಡಮ್ಮ ಸೀರೆಯ ನಾಲ್ಕು ಮೂಲೆ ಸೇರಿಸಿದಳು.

ದುರುಗಮ್ಮ ಅಲ್ಲಾಡಲಿಲ್ಲ. ಮುಖದ ಮೇಲೆ ನೀರು ಸುರಿಯುತ್ತಿತ್ತು. ಖಾಲಿ ಗುಂಡಿಯನ್ನು ನೋಡಿದಳು, ಮಗಳ ಗಂಟನ್ನು ನೋಡಿದಳು, ಆಕಾಶ ನೋಡಿದಳು. "ಅಕ್ಕಾ, ಅವರು ಹೇಳಿದ್ದು ನಿಜಾನೇ ಆಗಿತ್ತಲ್ಲ" ಎಂದಳು.

"ಅಲ್ಲ!" ಗುಡ್ಡಮ್ಮ ಅವಳ ಎರಡೂ ರಟ್ಟೆ ಹಿಡಿದು ಅಲುಗಿಸಿದಳು. ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ತಾನಾಗಿಯೇ ಹೊರಗೆ ಬಂತು. "ಕೇಳಿಲ್ಲಿ. ಶುಕ್ರವಾರ ಎತ್ತಿದ್ರಲ್ಲ, ಅದು ಹಳೇದಲ್ಲ. ಅವ್ರು ನಮ್ಮನೆಯೋರು. ನಾನೇ ಹೂತಿದ್ದೆ. ಅವರು ಮಣ್ಣಾಗೆ ಇದ್ದಾಗ ಎರಡು ವರ್ಷ ಮಳೆ ಬಂತು. ಅವರನ್ನ ತೆಗೆದು ಎರಡು ದಿನ ಆಯ್ತು, ಒಂದು ಹನಿ ಬಂತಾ? ಹೇಳು, ಬಂತಾ?"

ದುರುಗಮ್ಮ ಅವಳ ಮುಖವನ್ನೇ ನೋಡಿದಳು. ನಿಧಾನವಾಗಿ ಅವಳ ಕಣ್ಣಿನಲ್ಲಿ ಏನೋ ಕೂಡಿಕೊಂಡಿತು.

"ಹೌದಕ್ಕಾ" ಎಂದಳು. "ಇಬ್ಬರೂ ಹೊರಗೆ ಬಂದ ಮೇಲೇ ಬಂತು."

ಗುಡ್ಡಮ್ಮನ ಕೈ ಸಡಿಲವಾಯಿತು. ದುರುಗಮ್ಮ ಬಗ್ಗಿ ಗಂಟನ್ನು ಎತ್ತಿಕೊಂಡಳು, ಜ್ವರದ ಮಗುವನ್ನು ಎತ್ತಿಕೊಂಡ ಹಾಗೆ ಹೆಗಲಿಗೆ ಒರಗಿಸಿಕೊಂಡಳು. ದಿಣ್ಣೆಯ ದಾರಿ ಎಡಕ್ಕಿತ್ತು. ಅವಳು ಬಲಕ್ಕೆ ತಿರುಗಿ, ಕೂಗುತ್ತ ಬರುತ್ತಿದ್ದ ಜನರ ಕಡೆಗೆ ಮಳೆಯಲ್ಲಿ ನಡೆದುಹೋದಳು.